ಸ್ಕೂಟರ್ ಕಲಿಯುವ ವಯಸ್ಸು

ಎರಡು ಸಾಲು ಬರೆಯುವಷ್ಟರಲ್ಲಿ ಮತ್ತೆ ಕೂಗು. ಅತ್ತೆಯ ಫೋನಿನಲ್ಲಿ ಅಕ್ಷರ ಚಿಕ್ಕದಾಗಿದೆಯಂತೆ. ದೊಡ್ಡದು ಮಾಡಿಕೊಟ್ಟು ಬಂದೆ. ನಾಲ್ಕು ತಲೆಮಾರು ಒಂದೇ ಸೂರಿನಡಿ ಇದ್ದರೆ ಇಂಥವು ನಿಲ್ಲುವುದಿಲ್ಲ, ನಾನೂ ಬರೆಯುವುದು ಬಿಡುವುದಿಲ್ಲ.

1. ನಾನೇನ್ ದೊಡ್ಡೋಳಾ?

ಮಗಳ ಶಾಲೆ ಅರಕಲಗೂಡಿನಲ್ಲಿ. ಬಸ್ಸು ತಪ್ಪಿದರೆ ಅವತ್ತು ರಜೆ. ಮಾವನವರ ಸ್ಕೂಟರ್ ಪಡಸಾಲೆಯಲ್ಲಿ ಬೆಡ್‌ಶೀಟ್ ಹೊದ್ದು ಮಲಗಿದೆ.

"ಅತ್ತೆ, ನಾನು ಸ್ಕೂಟರ್ ಕಲೀಲಾ?"

"ನನ್ನ ಕೇಳ್ತೀಯಲ್ಲ, ನಾನೇನ್ ದೊಡ್ಡೋಳಾ? ಅತ್ತೇರ್ನ ಕೇಳು."

ಹೀಗಂದವರಿಗೆ ಐವತ್ನಾಲ್ಕು.

2. ಹಿಟ್ಟಿನ ಕೋಲು

ಅವರ ಅತ್ತೆ, ಅಂದರೆ ನನ್ನ ಮಗಳ ಮುತ್ತಜ್ಜಿ, ಎಂಬತ್ತು ದಾಟಿದವರು. ರಾಗಿಹಿಟ್ಟು ತೊಳಸುವ ಕೋಲನ್ನು ಮೂವತ್ತಾರು ವರ್ಷದಿಂದ ಸೊಸೆಯ ಕೈಗೆ ಕೊಟ್ಟಿಲ್ಲ.

"ಕೈ ಸುಟ್ಕತ್ತಾಳೆ ಕಣವ್ವ, ಎಳೇ ಹುಡುಗಿ."

ಎಳೇ ಹುಡುಗಿ ಆಗ ಮೂಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿತ್ತು.

3. ಕೊಣನೂರು ಸಂತೆ

ಮುತ್ತಜ್ಜಿಯನ್ನೇ ಕೇಳಿದೆ.

"ನಿನ್ ವಯಸ್ಗೆ ನಾನು ನಾಕು ಮಕ್ಕಳ ತಾಯಿ. ಎತ್ತಿನ ಗಾಡಿ ಒಡ್ಕಂಡು ಒಬ್ಳೇ ಕೊಣನೂರು ಸಂತೆಗೆ ಓಗ್ತಿದ್ದೆ!"

"ಅಂಗಾದ್ರೆ ನಾನು ಸ್ಕೂಟರ್ ಓಡಿಸ್ಬೋದು?"

"ನೀನಾ? ಇನ್ನೂ ಮೊಗ ಕಣೆ. ಗಂಡನ್ನ ಕೇಳು."

ಗಂಡನಿಗೆ ಮೂವತ್ಮೂರು. ಗತ್ತಿನಿಂದ ಮೀಸೆ ತಿರುವಿ ಹೇಳಿದರು, "ನಂಗೇನೋ ಓಕೆ. ಅಮ್ಮನ್ನ ಒಂದ್ಮಾತು ಕೇಳ್ಬುಡು."

4. ಮನೆ ಹಿಂದಿನ ಕಣದಲ್ಲಿ

ಯಾರನ್ನೂ ಕೇಳದೆ ಕೀ ತೆಗೆದುಕೊಂಡೆ. ಒಂದು ವಾರ ಕಣದಲ್ಲಿ ಸುತ್ತಿದೆ. ಎರಡು ಸಲ ಹುಲ್ಲಿನ ಬಣವೆಗೆ ನುಗ್ಗಿದೆ. ಏಳನೇ ದಿನ ಅತ್ತೆ ಬಂದು ನಿಂತರು. ಮುಗೀತು ಅಂದುಕೊಂಡೆ.

"ಅತ್ತೇರು ಮಲಗವ್ರೆ," ಅಂದರು ಮೆಲ್ಲಗೆ. "ನಂಗೂ ಒಂದ್ಸುತ್ತು ಕಲ್ಸೇ."

ಸೀರೆ ಎತ್ತಿ ಸಿಕ್ಕಿಸಿ ಕೂತರು. ನಾನು ಹಿಂದೆ ಹಿಡಿದು ಓಡಿದೆ. ಅರ್ಧ ಸುತ್ತಿಗೇ ಬಾಗಿಲಲ್ಲಿ ಮುತ್ತಜ್ಜಿ.

"ಇಳಿಯೇ! ಯಾರ್ನ ಕೇಳಿ ಗಾಡಿ ಅತ್ತಿದೆ?"

ಅತ್ತೆ ಇಳಿದು ನನ್ನ ಬೆನ್ನ ಹಿಂದೆ ಅವಿತರು. "ಇವ್ಳೇ ಅತ್ಸಿದ್ದು ಅತ್ತೆ."

ಮುತ್ತಜ್ಜಿ ನನ್ನನ್ನು ನೋಡಿದರು, ಸ್ಕೂಟರನ್ನು ನೋಡಿದರು. "ನೀನು ಕಲ್ತಿದೀಯ, ನಾಳೆಯಿಂದ ಮೊಗೀನ ಇಸ್ಕೂಲ್ಗೆ ಬುಟ್ಟು ಬಾ. ಇವ್ಳು ಮಾತ್ರ ಕೀ ಮುಟ್ಟಂಗಿಲ್ಲ."

ಗೆದ್ದೆ! ಆದರೆ ಅತ್ತೆಯ ತುಟಿ ಅಳುವ ಮಗುವಿನಂತೆ ಸೊಟ್ಟಗಾಯಿತು. ಜಗಲಿಯ ಮೇಲಿದ್ದ ಏಳು ವರ್ಷದ ಮಗಳು ಎಲ್ಲ ನೋಡುತ್ತಿದ್ದಳು. ಓಡಿ ಬಂದು ನನ್ನ ಸೆರಗು ಜಗ್ಗಿದಳು.

"ಅಮ್ಮ, ನಮ್ಮಜ್ಜಿ ಯಾವಾಗಮ್ಮ ದೊಡ್ಡೋಳಾಗೋದು?"