ಬಾರದ ರೈಲಿನ ಕೂಗನ್ನು ಮನೆಯಲ್ಲಿ ಕೂಗಿಸುವ ಬಗ್ಗೆ

ಸಂಖ್ಯೆ: ನಿಂ.ಮಾ.ವಿ/ಕೂಗು/೭(ಅ)/ತಿದ್ದುಪಡಿಯ ತಿದ್ದುಪಡಿ

ವಿಷಯ: ಮನೆಗಳಲ್ಲಿ ಮಾದರಿ ರೈಲು ಡಬ್ಬಿ ಕಟ್ಟುವುದು ಹಾಗೂ ಎಂಜಿನ್ನಿಗೆ ಕೂಗು ಅಳವಡಿಸುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: (೧) ಈ ಮಾರ್ಗದ ರೈಲನ್ನು ‘ತಾತ್ಕಾಲಿಕವಾಗಿ’ ನಿಲ್ಲಿಸಿದ ಆದೇಶ (ದಿನಾಂಕ ಅಳಿಸಿಹೋಗಿದೆ).
(೨) ತಮ್ಮ ಕಾರು ರೈಲ್ವೆ ಗೇಟಿನಲ್ಲಿ ಸಿಕ್ಕಿಕೊಂಡ ಬಗ್ಗೆ ಮೇಲಧಿಕಾರಿಗಳ ದೂರವಾಣಿ ಬೈಗುಳ.

ಗೇಟಿನ ಪಕ್ಕದ ಮನೆಯ ಯುವಕನು (ಬೀದಿಯವರ ಬಾಯಲ್ಲಿ ‘ಡಬ್ಬಿ’) ತಗಡು, ರಟ್ಟುಗಳಿಂದ ಮಾದರಿ ರೈಲು ಕಟ್ಟಿದ್ದು, ಕೊನೆಯ ರೈಲು ಹೋದ ದಿನ ಮೊಬೈಲಿನಲ್ಲಿ ಹಿಡಿದಿಟ್ಟ ಕೂಗನ್ನು ಅದಕ್ಕೆ ಅಳವಡಿಸುವ ಮುನ್ನ ದೊಡ್ಡ ಸ್ಪೀಕರಿಗೆ ಜೋಡಿಸಿ ಪರೀಕ್ಷಿಸಿದ್ದು, ಕಿಟಕಿ ತೆರೆದೇ ಇದ್ದು, ಪರಿಣಾಮವಾಗಿ ಗೇಟಿನವನು ಗೇಟು ಹಾಕಿರುವುದು ಇಲಾಖೆಯ ಗಮನಕ್ಕೆ ಬಂದಿದೆ. ಗೇಟಿನವನ ವಿವರಣೆ: “ಕೂಗು ಕೇಳ್ತು, ಹಾಕ್ದೆ. ಸುಮ್ನೆ ಕೂತು ಕೂತು ಸಾಕಾಗಿತ್ತು ಸಾರ್, ಕೈ ತಡೀಲಿಲ್ಲ.”

ಯುವಕನ ಸೋದರತ್ತೆಯು ತಾನು ಹೊಲಿದ ಬಟ್ಟೆಯನ್ನು ರೈಲಿನಲ್ಲಿ ಪೇಟೆಗೆ ಒಯ್ದು ಮಾರುತ್ತಿದ್ದವಳು. ರೈಲು ನಿಂತಂದಿನಿಂದ ಹೊಲಿಗೆ ಯಂತ್ರವೂ ಒಲೆಯೂ ತಣ್ಣಗಿವೆ. ಅದೇ ಕೂಗು ಕೇಳಿ ಆಕೆ ಬಟ್ಟೆಯ ಗಂಟು ಹೊತ್ತು ನಿಲ್ದಾಣಕ್ಕೆ ಓಡಿ ಟಿಕೆಟ್ ಕಿಟಕಿ ಬಡಿದಿರುತ್ತಾಳೆ. ಆದ್ದರಿಂದ ಸಕಲರಿಗೂ ತಿಳಿಯಪಡಿಸುವುದೇನೆಂದರೆ:

೧. ಗೇಣಿಗಿಂತ ಉದ್ದದ ಡಬ್ಬಿ ಕಟ್ಟಲು ಪೂರ್ವಾನುಮತಿ ಪಡೆಯತಕ್ಕದ್ದು. ಗೇಣು ಎಂದರೆ ಸಂಬಂಧಪಟ್ಟ ಅಧಿಕಾರಿಯ ಗೇಣು. ಅವರು ರಜೆಯಲ್ಲಿದ್ದರೆ ಡಬ್ಬಿಯೂ ರಜೆಯಲ್ಲಿರತಕ್ಕದ್ದು.

೨. ಎಂಜಿನ್ನಿನಲ್ಲಿ ಜಾಗ ಸಾಲದೆ ಪುಟ್ಟ ಸ್ಪೀಕರನ್ನು ಹಿಂದಿನ ಡಬ್ಬಿಯಲ್ಲಿ ಕೂರಿಸಲು ರಂಧ್ರ ಕೊರೆದಿರುವುದು ತಪಾಸಣೆಯಲ್ಲಿ ಕಂಡುಬಂದಿದೆ. ಡಬ್ಬಿಯಲ್ಲಿ ಹೋಗುವ ಕೂಗು ಸರಕೆನಿಸುತ್ತದೆ. ಅದನ್ನು ತೂಗಿ ಚೀಟಿ ಅಂಟಿಸತಕ್ಕದ್ದು.

೩. ಕೂಗು ತಪಾಸಣಾಧಿಕಾರಿಗೆ ಕೇಳಬೇಕು, ಗೇಟಿನವನಿಗೆ ಕೇಳಬಾರದು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದರೂ ಈ ನಿಯಮ ಅನ್ವಯಿಸುತ್ತದೆ.

೪. ಮಾದರಿ ರೈಲು ಹೇಳಿದ ಹೊತ್ತಿಗೆ ಓಡುತ್ತಿರುವುದು ಇಲಾಖೆಗೆ ಮುಜುಗರ ತಂದಿದೆ. ಇನ್ನು ಮುಂದೆ ತಡವಾಗಿ ಓಡಿಸತಕ್ಕದ್ದು. ತಡಕ್ಕೆ ಕಾರಣ ಕೊಡತಕ್ಕದ್ದಲ್ಲ.

೫. ರೈಲು ಬಂದೀತು ಎಂಬ ಆಸೆ ಹುಟ್ಟಿಸುವ ಅಧಿಕಾರ ಇಲಾಖೆಗೆ ಮಾತ್ರ ಇರುತ್ತದೆ, ಅದೂ ಚುನಾವಣೆಗೆ ಮುನ್ನ.

೬. ಯುವಕನ ಹೇಳಿಕೆ: “ನಿಮ್ದು ಬರಲ್ಲ, ನಂದು ಬಂತು. ಅದಕ್ಕೆ ನಂಗೆ ನೋಟೀಸಾ? ರೈಲಿಲ್ಲ ಅಂತ ನಮ್ಮತ್ತೆಗೆ ನೀವೇ ಹೋಗಿ ಹೇಳಿ. ನನ್ ಕೈಲಾಗಲ್ಲ.” ಇದನ್ನು ಉದ್ಧಟತನವೆಂದು ದಾಖಲಿಸಿ, ಎಂಜಿನ್ನನ್ನು, ಹಿಂದಿನ ಡಬ್ಬಿಯಿಂದ ಕಿತ್ತ ಕೂಗಿನ ಸಮೇತ, ಜಪ್ತಿ ಮಾಡಲಾಗಿದೆ. ಮೇಲಧಿಕಾರಿಗಳು ಪ್ರತಿದಿನ ಊಟವಾದ ಮೇಲೆ ಅದನ್ನು ಮೇಜಿನ ಮೇಲೆ ಓಡಿಸಿ ಪರಿಶೀಲಿಸುತ್ತಿದ್ದಾರೆ. ಆಗ ಕೇಳುವ ಕೂಗನ್ನು ಯಾರೂ ಕೇಳಿಸಿಕೊಳ್ಳತಕ್ಕದ್ದಲ್ಲ.

೭. ಸದರಿ ಅತ್ತೆಯು ಟಿಕೆಟ್ ಕಿಟಕಿಯ ಮುಂದೆ ಗಂಟಿನ ಮೇಲೆ ಕೂತವಳು ಇನ್ನೂ ಎದ್ದಿಲ್ಲ. ಬಾರದ ರೈಲಿಗೆ ಕಾಯುವವರೂ ಪ್ಲಾಟ್‌ಫಾರಂ ಟಿಕೆಟ್ ಪಡೆಯತಕ್ಕದ್ದು. ಕಿಟಕಿ ತೆರೆಯುವುದಿಲ್ಲ.

ಸಹಿ/- (ಓದಲಾಗದು)
ಕೂಗು ನಿಯಂತ್ರಣಾಧಿಕಾರಿ (ಪ್ರಭಾರ)
ನಿಂತ ಮಾರ್ಗಗಳ ವಿಭಾಗ

ಪ್ರತಿಗಳು:
೧. ಮೇಲಧಿಕಾರಿಗಳಿಗೆ, ಎಂಜಿನ್ನಿಗೆ ಹೊಸ ಬ್ಯಾಟರಿ ಸಮೇತ.
೨. ಗೇಟಿನವನಿಗೆ, ಗೇಟು ತೆರೆದ ಬಳಿಕ ಓದಿಕೊಳ್ಳಲು.
೩. ಯುವಕನಿಗೆ, ಖಾಲಿ ಡಬ್ಬಿಗಳೊಂದಿಗೆ.
೪. ಅತ್ತೆಗೆ, ಮಾಹಿತಿಗಾಗಿ. ಓದಿ ಹೇಳುವ ಧೈರ್ಯ ಸಿಬ್ಬಂದಿಯಲ್ಲಿ ಯಾರಿಗೂ ಇಲ್ಲದ ಕಾರಣ, ಆಕೆಯ ಬೆನ್ನ ಹಿಂದಿನ ಗೋಡೆಗೆ ಅಂಟಿಸಲಾಗಿದೆ.