ಬೆಟ್ಟದ ಬಂಗಲೆಗೆ ಎಷ್ಟು ದೊಡ್ಡ ಬ್ಯಾಟರಿ?

ಮನೆಗೆ ಎಷ್ಟು ಬೆಳಕು ಬೇಕು ಎಂದು ಕೇಳಿದರೆ ನಿಜ ಹೇಳುವ ಮನುಷ್ಯ ನನಗೆ ಇನ್ನೂ ಸಿಕ್ಕಿಲ್ಲ. ಕರೆಂಟಿನ ಕಂಬಗಳು ಕೊಡಗಿನ ಬೆಟ್ಟ ಹತ್ತದಿದ್ದ ಮೈಸೂರು ರಾಜ್ಯದ ಕಾಲ ಅದು. ಮಡಿಕೇರಿಯಲ್ಲಿ ಎಂಜಿನ್, ಡೈನಮೋ, ಬ್ಯಾಟರಿ ಮಾರುವ ಅಂಗಡಿಯಲ್ಲಿ ನಾನು ಮೇಸ್ತ್ರಿ. ಗಿರಾಕಿಯ ಮನೆಗೆ ಹೋಗಿ ಎಷ್ಟು ದೊಡ್ಡ ಬ್ಯಾಟರಿ ಬೇಕೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಹೆಣ್ಣು ನೋಡಲು ಬಂದವರ ಮುಂದೆ ಹೇಳುವ ಹಾಗೆ ಎಲ್ಲರೂ ನನ್ನ ಮುಂದೆಯೂ ಒಂದಿಷ್ಟು ಮುಚ್ಚಿಟ್ಟೇ ಮಾತಾಡುತ್ತಿದ್ದರು. ನಾಪೋಕ್ಲು ಕಡೆಯ ಒಬ್ಬ ಕಾಫಿ ಸಾಹುಕಾರರದ್ದಂತೂ ಮರೆಯುವ ಹಾಗೇ ಇಲ್ಲ.

ನಾಲ್ಕೇ ಬಲ್ಬು

ಸಾಹುಕಾರರು ತೋಟದ ಮೇಲಿನ ಗುಡ್ಡದಲ್ಲಿ, ರಜೆಗೆಂದು ಪುಟ್ಟ ಬಂಗಲೆ ಕಟ್ಟಿಸಿದ್ದರು.

"ನಾಲ್ಕೇ ಬಲ್ಬು ಮೇಸ್ತ್ರಿ, ಸಣ್ಣ ಬ್ಯಾಟರಿ ಸಾಕು" ಎಂದರು.

"ಎಷ್ಟು ಹೊತ್ತು ಉರೀಬೇಕು?"

"ಇಸ್ಪೀಟು ಮುಗಿಯುವವರೆಗೆ."

"ಅದು ಯಾವಾಗ ಮುಗೀತದೆ?"

"ನಾನು ಗೆದ್ದ ಕೂಡಲೇ."

ಹಿಂದೆ ನಿಂತಿದ್ದ, ತೋಟದ ಲೆಕ್ಕ ಬರೆಯುವ ರೈಟರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಹಾಗಾದ್ರೆ ಹಗಲನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ."

ಹಂದಿಗೂಡಿಗೊಂದು

ಅಷ್ಟರಲ್ಲಿ ಸಾಹುಕಾರರ ಹೆಂಡತಿ ಬಂದರು. ಅಡಿಗೆಮನೆಗೊಂದು ಬಲ್ಬು, ಬಚ್ಚಲಿಗೊಂದು, ಜೊತೆಗೆ ರೇಡಿಯೋ ಎಂದರು. ಕೊನೆಗೆ ಹಂದಿಗೂಡಿಗೂ ಒಂದು ಬೇಕೆಂದರು.

"ಹಂದಿಗೆ ಬೆಳಕು ಯಾಕಕ್ಕಾ?"

"ಹಂದಿಗಲ್ಲ ಮಾರಾಯ, ಚಿರತೆ ಬಂದ್ರೆ ನಮಗೆ ಕಾಣ್ಬೇಡ್ವಾ?"

"ಕಂಡ ಮೇಲೆ ಏನು ಮಾಡ್ತೀರಿ?"

"ಮಾಡ್ಲಿಕ್ಕೆ ಎಂಥ ಉಂಟು? ಇವರ ಕೈಗೆ ಕೋವಿ ಕೊಟ್ಟು ಹೊರಗೆ ಕಳಿಸ್ತೇನೆ."

ಬೇಟೆಯ ಕಥೆ ಹೇಳುವುದರಲ್ಲಿ ಊರಿಗೇ ಹೆಸರಾಗಿದ್ದ ಸಾಹುಕಾರರು ಗಂಟಲು ಸರಿಮಾಡಿಕೊಂಡು, "ಆ ಬಲ್ಬು ಬೇಡ ಮೇಸ್ತ್ರಿ, ವೃಥಾ ಖರ್ಚು" ಎಂದರು.

ತೀರ್ಥ

ನಾನು ದೊಡ್ಡ ಬ್ಯಾಟರಿಯೇ ಬೇಕೆಂದು ಬಡಕೊಂಡೆ. ಸಾಹುಕಾರರು ಕೇಳಲಿಲ್ಲ, ಸಣ್ಣದನ್ನೇ, ಅದನ್ನು ತುಂಬಿಸುವ ಎಂಜಿನ್ ಸಮೇತ ಹೊರಿಸಿಕೊಂಡು ಹೋದರು. ದೀಪಾವಳಿ ರಜೆಗೆ ಮೈಸೂರಿನ ನೆಂಟರನ್ನೆಲ್ಲ ಕರೆದೂಬಿಟ್ಟರು. ನಮ್ಮ ಅಂಗಡಿಯ ಯಜಮಾನರು ನನ್ನನ್ನೂ ಜೊತೆಗೆ ಅಟ್ಟಿದರು. "ನೆಂಟರ ಮುಂದೆ ದೀಪ ಆರಿತೋ, ನೀನು ಅಂಗಡಿಯ ಮೆಟ್ಟಿಲು ಹತ್ತಬೇಡ" ಎಂದಿದ್ದರು. ಹೊಸದಾಗಿ ಮದುವೆಯಾಗಿದ್ದ ನನಗೆ ಆ ಕೆಲಸ ಬಿಟ್ಟರೆ ಗತಿಯಿರಲಿಲ್ಲ.

ಸಾಹುಕಾರರಿಗೆ ಹೆಮ್ಮೆ ತಡೆಯಲಿಲ್ಲ. ಮಟಮಟ ಮಧ್ಯಾಹ್ನವೇ ಎಲ್ಲ ಬಲ್ಬು ಹಾಕಿ, ರೇಡಿಯೋ ಹಚ್ಚಿ, ನೆಂಟರಿಗೆ ತೋರಿಸುತ್ತಾ ತಿರುಗಿದರು. ಸಂಜೆ ಬ್ಯಾಟರಿ ತುಂಬಿಸೋಣವೆಂದು ಎಂಜಿನ್ ತಿರುಗಿಸಿದರೆ ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಒಳಗೆ ಬಲ್ಬುಗಳು ಮಂಕಾಗಿ ಕೆಂಪಗಾದವು. ನಾನು ಒಳಗೆ ಓಡಿದೆ.

ಬ್ಯಾಟರಿಯ ಮುಚ್ಚಳಗಳನ್ನೆಲ್ಲ ಬಿಚ್ಚಿ ನೋಡಿದೆ. ಪಕ್ಕದಲ್ಲೇ ಸಾಹುಕಾರರ ತಾಯಿ ಕೂತಿದ್ದರು. "ಏನಾಯ್ತು ಮಗಾ?" ಎಂದು ಕೇಳಿದರು.

"ಇದರ ಕಥೆ ಮುಗೀತಾ ಬಂತು ಅಜ್ಜಿ, ಇನ್ನು ಸ್ವಲ್ಪ ಹೊತ್ತು ಅಷ್ಟೆ" ಎಂದು ಹೇಳಿ ಎಂಜಿನ್ ಕೊಟ್ಟಿಗೆಗೆ ಓಡಿದೆ.

ಸೀಮೆಎಣ್ಣೆ ಬರುವ ನಳಿಗೆಯಲ್ಲಿ ಕಸ ಕಟ್ಟಿತ್ತು. ಬಾಯಿಂದ ಊದಿ, ಸೀಮೆಎಣ್ಣೆ ನುಂಗಿ, ಉಗಿದು, ಮತ್ತೆ ಜೋಡಿಸಿ ತಿರುಗಿಸಿದೆ. ಎಂಜಿನ್ ಎದ್ದಿತು! ಬಂಗಲೆ ಝಗ್ಗೆಂದು ಬೆಳಗಿತು. ಒಳಗೆ ಎಲ್ಲರೂ ಚಪ್ಪಾಳೆ ತಟ್ಟುವುದು ಕೇಳಿಸಿತು. ಇಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹೊಗಳಿಸಿಕೊಳ್ಳೋಣವೆಂದು ಮುಖ ಒರೆಸಿಕೊಂಡು ಒಳಗೆ ಹೋದೆ.

ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಎಲ್ಲರೂ ಅಜ್ಜಿಯ ಸುತ್ತ ನಿಂತಿದ್ದರು. ಅಜ್ಜಿಯ ಕೈಯಲ್ಲಿ ತುಲಾ ಸಂಕ್ರಮಣಕ್ಕೆ ತಲಕಾವೇರಿಯಿಂದ ತಂದ ತೀರ್ಥದ ಬಾಟಲಿ ಮತ್ತು ಒಂದು ಚಮಚ. ನಮ್ಮ ಕಡೆ ಕೊನೆಯುಸಿರು ಎಳೆಯುವವರ ಬಾಯಿಗೆ ಆ ತೀರ್ಥ ಬಿಡುವುದು ರೂಢಿ. ಕಥೆ ಮುಗಿಯಿತು ಎಂದು ನಾನೇ ಹೇಳಿ ಹೋಗಿದ್ದೆನಲ್ಲ, ಪುಣ್ಯವಾದರೂ ಬರಲಿ ಎಂದು ಅಜ್ಜಿ ಬ್ಯಾಟರಿಯ ತೆರೆದ ಬಾಯಿಗಳಿಗೆಲ್ಲ ಒಂದೊಂದು ಚಮಚ ತೀರ್ಥ ಬಿಟ್ಟಿದ್ದರು. ಕೊನೆಯ ಬಾಯಿಗೆ ಬಿಡುವುದಕ್ಕೂ ಬೆಳಕು ಬರುವುದಕ್ಕೂ ಸರಿಹೋಗಿತ್ತು.

"ನಮ್ಮ ಅವ್ವ ಬದುಕಿಸಿಬಿಟ್ರು!" ಎಂದು ಸಾಹುಕಾರರು ಕಣ್ಣೊರೆಸಿಕೊಂಡರು. ನಾನು ನಳಿಗೆಯ ಸುದ್ದಿ ಎತ್ತಲು ಬಾಯಿ ತೆರೆದೆ, ಮುಚ್ಚಿದೆ. ಕಾವೇರಮ್ಮನ ಮೇಲೆ ವಾದ ಹಾಕಿ ಕೊಡಗಿನಲ್ಲಿ ಬಾಳುವುದುಂಟೇ? ಕೆಲಸ ಉಳಿಯಿತಲ್ಲ, ಅಷ್ಟು ಸಾಕೆಂದು ಅಜ್ಜಿಗೆ ನಾನೂ ಕೈಮುಗಿದೆ.

ಮೈಸೂರಿನ ನೆಂಟರೊಬ್ಬರು ಮೆಲ್ಲಗೆ ಮುಂದೆ ಬಂದರು. "ಅಜ್ಜೀ, ನನ್ನ ಕಾರಿನ ಬ್ಯಾಟರಿಗೂ ಒಂದು ಚಮಚ ಹಾಕ್ತೀರಾ?"

"ಅದೂ ಸಾಯ್ತಾ ಉಂಟಾ ಮಗಾ?"

"ಇಲ್ಲ ಅಜ್ಜಿ. ಇಲ್ಲಿಯ ಚಳಿಗೆ ಬೆಳಿಗ್ಗೆ ಏಳೋದಿಲ್ಲ, ಅಷ್ಟೇ."

ಅಜ್ಜಿ ತೀರ್ಥದ ಬಾಟಲಿಗೆ ಭದ್ರವಾಗಿ ಬಿರಡೆ ಹಾಕಿದರು.

"ಬರೀ ಚಳಿಗೆ ತೀರ್ಥ ಯಾಕೆ? ನನ್ನ ಮಗನ ಕಪಾಟಲ್ಲಿ ಬ್ರಾಂದಿ ಉಂಟು, ಎರಡು ಚಮಚ ಕುಡಿಸು!"