ದಳವಾಯಿ ಮಾವನ ಸರದಿ

ನಮ್ಮ ಸೋದರಮಾವನಿಗೆ ಒಂದು ಸಂಸ್ಥಾನವಿತ್ತೆಂದರೆ ನೀವು ನಂಬಲಿಕ್ಕಿಲ್ಲ. ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಎರಡಂಕಣದ ಮನೆ, ಒಂದು ಎಮ್ಮೆ. ಇಷ್ಟೇ ಸಂಸ್ಥಾನ! ದೇಶಕ್ಕೆ ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಗಿದ್ದರೂ ಆ ಸುದ್ದಿ ಮಾವನಿಗೆ ಮುಟ್ಟಿರಲಿಲ್ಲ. ಅವನ ಪ್ರಕಾರ ನಮ್ಮ ಹಿರೀಕರು ಪಾಳೆಗಾರರ ದಳವಾಯಿಗಳು, ಅಂದರೆ ಸೇನಾಪತಿಗಳು. ದರ್ಬಾರಿನಲ್ಲಿ ಮೊದಲು ರಾಜಮಾತೆ, ಆಮೇಲೆ ದೊರೆ, ಯುವರಾಜ. ಅವರ ಹಿಂದೆ ಸೀದಾ ನಾವೇ! ಪುರಾವೆ ಕೇಳುವ ಧೈರ್ಯ ಯಾರಿಗಿತ್ತು?

ಕಾನಹೊಸಹಳ್ಳಿಯ ಒಂದು ಮದುವೆಯಲ್ಲಿ ಬೀಗರು ಮೊದಲ ಪಂಕ್ತಿಗೆ ಕೂತುಬಿಟ್ಟರು. ಮಾವ ಕೆಂಡ!

"ಕ್ವಾಟಿ ಬಾಗಿಲು ಕಾಯೋ ವಂಶದೋರು ಅವ್ರು! ದಳವಾಯಿಗಿಂತ ಮೊದ್ಲು ಅವ್ರಿಗೆ ಹೋಳ್ಗಿನಾ?"

ಬಡಿಸುವವನು ಹೇಳಿದ: "ಯಜಮಾನ್ರ, ಜಲ್ದಿ ಕುಂದರ್ರಿ. ಈ ಪಂಕ್ತಿಗೇ ಹೋಳ್ಗಿ ಮುಗಿತಾವ."

ಮಾವ ಸಿಕ್ಕ ಮೂಲೆಯಲ್ಲಿ ಕೂತ. ರಣರಂಗದಲ್ಲಿ ಹಿಂದೆ ಸರಿಯುವುದೂ ಒಂದು ತಂತ್ರವಂತೆ!

ಹಾಗಂತ ಅವನೇನು ಮೇಲಿನವರ ಜಾಗ ಕಸಿಯುವವನಲ್ಲ. ಕೊಟ್ಟೂರಿನ ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇದ್ದರೂ ಉದ್ದಕ್ಕೂ ನಿಂತೇ ಬಂದ.

"ದೊರಿ ಸೀಟಿನಾಗ ದಳವಾಯಿ ಕುಂದರಬಾರ್ದು."

"ದೊರಿ ಹಿಂದಿನ ಬಸ್ಸಿಗೆ ಬರ್ತಾರಂತ, ನೀವು ಕುಂದರ್ರಿ!" ಅಂದ ಕಂಡಕ್ಟರು. ಬಸ್ಸೆಲ್ಲಾ ನಕ್ಕಿತು. ಮಾವ ಮಾತ್ರ ಕಂಬಿ ಬಿಡಲಿಲ್ಲ.

ಇಂಥವನು ನನ್ನ ಅಕ್ಕನ ಮದುವೆಗೆ ಹಿರಿಯ! ಅಪ್ಪ ತೀರಿಕೊಂಡು ವರ್ಷ ಕಳೆದಿತ್ತಷ್ಟೇ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯ ಮುಂದೆ ಹಂದರ ಹಾಕಿದ್ದೆವು. ಮುಹೂರ್ತ ಬಂತು. ಮೊದಲ ಅಕ್ಷತೆ ನೀವೇ ಹಾಕ್ರಿ ಎಂದು ಮಾವನ ಕೈಗೆ ತಟ್ಟೆ ಕೊಟ್ಟರು.

"ತಡೀರಿ! ಸರದಿ ತಪ್ಪೇತಿ!" ಎಂದು ಮಾವ ಗುಡುಗಿದ.

ನಾನು ತಲೆಯ ಮೇಲೆ ಕೈ ಹೊತ್ತೆ. ಬೀಗರ ಎದುರಿಗೇ ದಳವಾಯಿ ಪುರಾಣವೇ? ಅಕ್ಕ ಬಾಸಿಂಗದಡಿಯಲ್ಲೇ ಬೆವೆತಳು.

ಮಾವ ಸೀದಾ ಅಡುಗೆಮನೆಗೆ ನುಗ್ಗಿದ. ಅಲ್ಲಿ ಅಮ್ಮ ಯಾರ ಕಣ್ಣಿಗೂ ಬೀಳದಂತೆ ಬಾಗಿಲ ಸಂದಿಯಲ್ಲಿ ನಿಂತಿದ್ದಳು.

"ಬಾರವ್ವಾ ಹೊರಗ."

"ಬ್ಯಾಡೋ ಅಣ್ಣಾ. ಗಂಡ ಇಲ್ದಾಕಿ ನಾನು, ಶುಭಕಾರ್ಯದಾಗ ಮುಂದ ಬರಬಾರ್ದು. ಮಂದಿ ಏನಂದಾರು?"

"ಮಂದಿಗೆ ನಾ ಹೇಳ್ತೀನಿ. ರಾಜಮಾತಿ ಬರೂ ತನಕ ಇಲ್ಲಿ ಯಾರೂ ಅಕ್ಷತಿ ಮುಟ್ಟಂಗಿಲ್ಲ!"

ಹಂದರದಲ್ಲಿ ಯಾರೋ ಗೊಣಗಿದರು. ಮಾವ ಒಮ್ಮೆ ತಿರುಗಿ ನೋಡಿದ, ಅಷ್ಟೇ. ಸದ್ದಡಗಿತು.

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದು ಮಗಳ ತಲೆಯ ಮೇಲೆ ಅಕ್ಷತೆ ಹಾಕಿದಳು. ಅವಳ ಹಿಂದೆ ಮಾವ ಬರಿಗೈಯಲ್ಲಿ ನಿಂತಿದ್ದ. ತನ್ನ ಪಾಲಿನ ಅಕ್ಕಿಯನ್ನೂ ಅವಳ ಮುಷ್ಟಿಗೇ ಸುರಿದುಬಿಟ್ಟಿದ್ದ.